ಬಿಳ್ಳೆ ಯಾರ ಎದೆಗೆ, ಹೆಸರು ಯಾವ ಕಲ್ಲಿಗೆ



ಬ್ರಿಟಿಷ್ ಸೇನೆಯ ಅಧಿಕಾರಿಗಳು ಮತ್ತು ಶೌರ್ಯ ಪದಕಗಳ ಬಗ್ಗೆ ಬೆಳಗೊಳದಲ್ಲಿ ವಿಚಾರ ಸಂಕಿರಣವೇ ಎಂದು ಹುಬ್ಬೇರಿಸುವವರಿದ್ದಾರೆ. ಟಿಪ್ಪು ಬಿದ್ದ ಕೋಟೆಯ ಮಗ್ಗುಲಲ್ಲಿ ಕೂತು ಗೆದ್ದವರ ಬಿಳ್ಳೆ ಎಣಿಸುವುದು ನ್ಯಾಯವೇ ಎಂಬ ಅವರ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಯಾರು ಎಷ್ಟು ಧೈರ್ಯಶಾಲಿಯಾಗಿದ್ದ ಎಂದು ತಿಳಿಯಲು ಪದಕದಿಂದ ಹೆಚ್ಚು ಸಹಾಯವಾಗದು. ಯಾರ ಧೈರ್ಯವನ್ನು ಯಾರು ಕಂಡರು, ಕಂಡದ್ದನ್ನು ಬರೆಯುವ ಅಧಿಕಾರ ಯಾರಿಗಿತ್ತು ಎಂಬುದನ್ನು ಮಾತ್ರ ಅದು ಚೆನ್ನಾಗಿ ಹೇಳುತ್ತದೆ. ಈ ಎರಡು ದಿನ ಪದಕವನ್ನು ಹಾಗೆ ಓದೋಣ ಎಂಬುದೇ ನನ್ನ ಆಶಯ.

ಶೌರ್ಯಕ್ಕೆ ಉಡುಗೊರೆ ಕೊಡುವುದನ್ನು ನಮ್ಮ ಸೀಮೆ ಇಂಗ್ಲಿಷರಿಂದ ಕಲಿಯಲಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ನಿಮಗೆಲ್ಲ ಗೊತ್ತು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ಮೆಚ್ಚಿದ್ದನ್ನು ಬೇಡು ಎಂದ. ಆತ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಂತಿತು. ಹತ್ತನೆಯ ಶತಮಾನದ ಮಾತಿದು. ಯುದ್ಧದಲ್ಲಿ, ತುರುಗಾಳಗದಲ್ಲಿ ಮಡಿದವರ ಮನೆಯವರಿಗೆ ನೆತ್ತರುಗೊಡಗೆಯ ಭೂಮಿ ಸಿಗುತ್ತಿತ್ತು. ಸತ್ತವನ ಹೆಸರು ಊರ ಮುಂದೆಯೇ ಇರುತ್ತಿತ್ತು, ಅನ್ನದ ದಾರಿಯೂ ಊರಲ್ಲೇ ಇರುತ್ತಿತ್ತು.

ಈಗ 1799ರ ಮೇ 4ರ ಮಧ್ಯಾಹ್ನಕ್ಕೆ ಬನ್ನಿ. ಶ್ರೀರಂಗಪಟ್ಟಣ ಕೋಟೆಯ ವಾಯವ್ಯ ಮೂಲೆಯ ಬಳಿ ಗೋಡೆ ಒಡೆದಿತ್ತು. ಕಾವೇರಿ ದಾಟಿ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ 1784ರವರೆಗೆ ಇದೇ ಪಟ್ಟಣದ ಬಂದಿಖಾನೆಯಲ್ಲಿದ್ದವನು. ಕೋಟೆ ಬಿದ್ದ ಮೇಲೆ ಪಟ್ಟಣದ ಅಧಿಕಾರ ಸಿಕ್ಕಿದ್ದು ಮಾತ್ರ ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿಗೆ. ಬೇರ್ಡ್ ಆ ಕಹಿಯನ್ನು ಬೇಗ ಮರೆಯಲಿಲ್ಲ. ಸಾಯಲು ಸಿದ್ಧರಾಗಿ ಮೊದಲು ನುಗ್ಗಿದ ಸ್ವಯಂಪ್ರೇರಿತ ತಂಡಗಳಲ್ಲಿ ಒಂದರ ಜೊತೆ 77ನೆಯ ರೆಜಿಮೆಂಟಿನ ಲೆಫ್ಟಿನೆಂಟ್ ಅಲೆಗ್ಸಾಂಡರ್ ಲಾರೆನ್ಸ್ ಇದ್ದ, ತೀವ್ರವಾಗಿ ಗಾಯಗೊಂಡ. ಮುಂದೆ ಅವನ ಮಗ ಜಾನ್ ಲಾರೆನ್ಸ್ ವೈಸರಾಯ್ ಆದ. ಆದರೆ ಆ ದಿನದ ಎದೆಗಾರಿಕೆಗೆಂದೇ ಅಪ್ಪನಿಗೆ ತೊಡಿಸಲು ಬ್ರಿಟಿಷರ ಬಳಿ ಒಂದು ಶೌರ್ಯ ಪದಕವೇ ಇರಲಿಲ್ಲ. ವಿಕ್ಟೋರಿಯಾ ಕ್ರಾಸ್ ಬಂದದ್ದು 1856ರಲ್ಲಿ.

ಇದ್ದದ್ದು ಎಲ್ಲರಿಗೂ ಹಂಚಿದ ಶ್ರೀರಂಗಪಟ್ಟಣ ಪದಕ. ಬರ್ಮಿಂಗ್‌ಹ್ಯಾಮ್ ಬಳಿಯ ಮ್ಯಾಥ್ಯೂ ಬೌಲ್ಟನ್‌ನ ಟಂಕಸಾಲೆಯಲ್ಲಿ ಅಚ್ಚಾಗಿ 1808ರ ಹೊತ್ತಿಗೆ ಸೈನಿಕರ ಕೈಸೇರಿತು. ಒಂದು ಮುಖದಲ್ಲಿ ಸಿಂಹ ಹುಲಿಯನ್ನು ಕೆಡವುತ್ತಿದೆ, ಇನ್ನೊಂದರಲ್ಲಿ ಕೋಟೆಯ ಮೇಲೆ ದಾಳಿ. ಚಿತ್ರ ಎಲ್ಲರಿಗೂ ಒಂದೇ, ಲೋಹ ಬೇರೆ ಬೇರೆ. ಸೇನಾಪತಿಗಳಿಗೆ ಚಿನ್ನ, ಅವರ ಕೆಳಗಿನ ಹಿರಿಯರಿಗೆ ಚಿನ್ನದ ನೀರು ಕುಡಿಸಿದ ಬೆಳ್ಳಿ, ಕಿರಿಯ ಅಧಿಕಾರಿಗಳಿಗೆ ಬೆಳ್ಳಿ, ಅವರಿಗಿಂತ ಕೆಳಗೆ ಕಂಚು, ಸಿಪಾಯಿಗೆ ತವರ. ಲೂಟಿಯ ಪಾಲೂ ಇದೇ ಏಣಿಯಲ್ಲಿ ಇಳಿಯಿತು. ದಂಡಿನ ಮುಖ್ಯಸ್ಥ ಜನರಲ್ ಹ್ಯಾರಿಸ್‌ಗೆ ಒಂದು ಲಕ್ಷ ಪೌಂಡಿಗೂ ಮೀರಿ ಸಂದರೆ ಸಿಪಾಯಿಗೆ ದಕ್ಕಿದ್ದು ಬೆರಳೆಣಿಕೆಯ ಪೌಂಡು. ಇನ್ನು ಅದೇ ದಿನ ಕೋಟೆಯೊಳಗೆ ಗುಂಡಿಗೆ ಬಲಿಯಾದ ಟಿಪ್ಪುವಿನ ದಳಪತಿ ಸಯ್ಯದ್ ಗಫಾರ್‌ನಂಥವರಿಗೆ ಯಾವ ಲೋಹವೂ ಇಲ್ಲ. 1907ರಲ್ಲಿ ಮೈಸೂರು ಸರ್ಕಾರವೇ ಕೋಟೆಯ ಬಳಿ ಸ್ಮಾರಕ ಸ್ತಂಭ ನಿಲ್ಲಿಸಿದಾಗಲೂ ಅದು ನೆನೆದದ್ದು ದಾಳಿಯಿಟ್ಟ ಪಡೆಯವರನ್ನು. ಆಗ ಪಟ್ಟದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಇದರ ರಾಜಕಾರಣದ ಮೇಲೆ ಯಾರಾದರೂ ಒಂದು ಒಳ್ಳೆಯ ಪ್ರಬಂಧ ಬರೆಯಬೇಕಾಗಿದೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಕೋಟೆ ಬಿದ್ದ ನಾಲ್ಕು ವರ್ಷದ ನಂತರ ಮರಾಠರೊಡನೆ ನಡೆದ ಆಸಾಯೆಯ ಕಾಳಗದಲ್ಲಿ. 1803ರ ಸೆಪ್ಟೆಂಬರ್ 23. ದಿವಾನ್ ಪೂರ್ಣಯ್ಯನವರು ಕಳಿಸಿದ ಮೈಸೂರಿನ ಸಿಲ್ಲೇದಾರ್ ಕುದುರೆ ಪಡೆ ಬಿಷ್ಣಪ್ಪ ಪಂಡಿತರ ಕೈಕೆಳಗೆ ವೆಲ್ಲೆಸ್ಲಿಯ ಜೊತೆಗಿತ್ತು. ಅವರಿಗೆ ಸಿಕ್ಕಿದ ಕೆಲಸ ಕೈತ್ನಾ ಹೊಳೆಯ ದಕ್ಷಿಣ ದಡದಲ್ಲಿ ನಿಂತು ಮರಾಠರ ಅಶ್ವದಳವನ್ನು ತಡೆಹಿಡಿಯುವುದು. ಅವರು ಕದಲಿದ್ದರೆ ವೆಲ್ಲೆಸ್ಲಿಯ ಬೆನ್ನಿಗೆ ಕಾವಲೇ ಇರುತ್ತಿರಲಿಲ್ಲ. ಆದರೆ ನಿಂತು ಕಾಯುವುದು ಚಿತ್ರಕಾರನ ಕುಂಚಕ್ಕೂ ಸಿಗುವುದಿಲ್ಲ, ಪದಕದ ಶಿಫಾರಸಿಗೂ ಸಿಗುವುದಿಲ್ಲ. ಆ ಕಾಲದ ಯುದ್ಧಗಳಿಗೆ ‘ಆರ್ಮಿ ಆಫ್ ಇಂಡಿಯಾ’ ಪದಕ ಮಂಜೂರಾದದ್ದು 1851ರಲ್ಲಿ, ಅದೂ ಬದುಕುಳಿದು ಕೇಳಿದವರಿಗೆ. ನಲವತ್ತೆಂಟು ವರ್ಷ ಕಾದು ಅರ್ಜಿ ಹಾಕುವ ಭಾಗ್ಯ ಎಷ್ಟು ಮಂದಿ ಸವಾರರಿಗೆ ಇದ್ದೀತು! ವೆಲ್ಲೆಸ್ಲಿಯ ತೋಪುಗಳನ್ನು ಎಳೆದ ಅಮೃತಮಹಲ್ ಎತ್ತುಗಳಿಗೆ ಅವನು ಹೊಗಳಿಕೆಯನ್ನಾದರೂ ಕೊಟ್ಟ. ಅವನ್ನು ಹೊಡೆದವರ ಹೆಸರು ನನಗೆಲ್ಲೂ ಎದುರಾಗಿಲ್ಲ.

1837ರಲ್ಲಿ ಕಂಪನಿ ಸರ್ಕಾರ ದೇಶೀ ಸಿಪಾಯಿಗೆಂದೇ ‘ಆರ್ಡರ್ ಆಫ್ ಮೆರಿಟ್’ ಹುಟ್ಟುಹಾಕಿತು. ಅದರಲ್ಲಿ ಮೂರು ದರ್ಜೆ. ಪಡೆದವನಿಗೆ ಸಂಬಳದ ಮೂರನೆಯ ಒಂದು ಭಾಗದಿಂದ ಹಿಡಿದು ಇಮ್ಮಡಿ ಸಂಬಳದವರೆಗೆ ಹೆಚ್ಚಳ, ಅವನ ವಿಧವೆಗೂ ಕೆಲವು ವರ್ಷ ಪಿಂಚಣಿ. ನೆತ್ತರುಗೊಡಗೆಯ ಲೆಕ್ಕ ಬಲ್ಲ ನಮಗೆ ಇದು ಅಪರಿಚಿತವಲ್ಲ. ವಿಕ್ಟೋರಿಯಾ ಕ್ರಾಸ್ ಭಾರತೀಯ ಸಿಪಾಯಿಗೆ ತೆರೆದದ್ದು 1911ರಲ್ಲಿ.

ಮೂರು ವರ್ಷದಲ್ಲಿ ಮಹಾಯುದ್ಧ ಬಂತು. ಬಿ. ಚಾಮರಾಜ ಅರಸರ ಮುಂದಾಳತ್ವದಲ್ಲಿ ಮೈಸೂರು ಲ್ಯಾನ್ಸರ್ಸ್ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು, ಆಸಾಯೆಯ ತಾರೀಖಿನಂದೇ, ಪ್ಯಾಲೆಸ್ಟೈನಿನ ಹೈಫಾ ಊರು ಬಿತ್ತು. ಜೋಧಪುರದ ಸವಾರರು ಊರಿಗೆ ನುಗ್ಗಿದರು. ಕಾರ್ಮೆಲ್ ಬೆಟ್ಟದ ತೋಪುಗಳ ಮೇಲೆ ಮೈಸೂರಿನ ತುಕಡಿ ಏರಿಹೋಯಿತು. ದೆಹಲಿಯ ತೀನ್ ಮೂರ್ತಿಯಲ್ಲಿ ಮೈಸೂರಿಗೂ ಒಂದು ಪ್ರತಿಮೆಯಿದೆ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕವಿದೆ. ಆದರೂ ಹೈಫಾ ಎಂದೊಡನೆ ನಾಲಗೆಗೆ ಬರುವ ಹೆಸರು ಜೋಧಪುರದ ದಳಪತ್ ಸಿಂಗರದು. ಅವರ ವೀರತನದ ಬಗ್ಗೆ ತಕರಾರಿಲ್ಲ. ನಮ್ಮವರ ಹೆಸರುಗಳನ್ನು ಕನ್ನಡದಲ್ಲಿ ನಾವು ಬರೆದದ್ದು ಸಾಲದು, ಅಷ್ಟೆ. 1945ರಲ್ಲಿ ಬರ್ಮಾದ ಕಂಗಾವ್‌ನಲ್ಲಿ ಬೆಟಾಲಿಯನ್ ನಡೆಸಿ ಡಿಎಸ್‌ಒ ಗೌರವ ಪಡೆದ ಕೊಡಗಿನ ತಿಮ್ಮಯ್ಯನವರ ಹೆಸರು ಉಳಿಯಿತು, ಯಾಕೆಂದರೆ ಅಷ್ಟರಲ್ಲಿ ಶಿಫಾರಸು ಬರೆಯುವ ಮೇಜಿನ ಹತ್ತಿರಕ್ಕೆ ಭಾರತೀಯ ಅಧಿಕಾರಿ ತಲುಪಿದ್ದ.

ಹಾಗಾಗಿ ಪ್ರಬಂಧ ಮಂಡಿಸುವವರಲ್ಲಿ ಒಂದು ಕೋರಿಕೆ. ಪ್ರತಿ ಪದಕದ ಜೊತೆಗೆ ಅದರ ಲೋಹ, ಪಡೆದವನ ದರ್ಜೆ, ಶಿಫಾರಸು ಬರೆದವನು, ಅದರ ಹಿಂದೆ ಬಂದ ಹಣ ಅಥವಾ ಭೂಮಿ ಇವನ್ನೂ ಹೇಳಿ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಬಂದಿರುವ ಮೇಷ್ಟ್ರುಗಳೇ, ನಿಮ್ಮ ಊರಿನ ಹಳೆಯ ಮನೆಗಳಲ್ಲಿ ಮಾಸಿದ ಬಿಳ್ಳೆ, ಪಿಂಚಣಿ ಕಾಗದ ಏನಿದ್ದರೂ ಚಿತ್ರ ತೆಗೆದಿಟ್ಟುಕೊಳ್ಳಿ. ನಾಳೆ ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನಕ್ಕೆ ಹೋದಾಗ ಸ್ವಿಸ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನ ಅಧಿಕಾರಿಗಳ ಗೋರಿಗಳನ್ನಷ್ಟೇ ನೋಡಿ ಬರಬೇಡಿ. ಹೆಂಗಸರು, ಮಕ್ಕಳ ಹೆಸರುಗಳನ್ನೂ ಬರೆದುಕೊಳ್ಳಿ. 1809ರಲ್ಲಿ ದಂಡನ್ನು ಬೆಂಗಳೂರಿಗೆ ಓಡಿಸಿದ್ದು ನಮ್ಮ ಹೊಳೆಸೀಮೆಯ ಜ್ವರ. ಅದರಲ್ಲಿ ಸತ್ತವರ ಲೆಕ್ಕವನ್ನು ಎರಡನೆಯ ಗೋಷ್ಠಿಯಲ್ಲಿ ಯುದ್ಧದ ಲೆಕ್ಕದ ಪಕ್ಕಕ್ಕಿಟ್ಟು ಚರ್ಚಿಸೋಣ.