ಒಂದೇ ಒಂದು ಇಂಗ್ಲಿಷ್ ಪದ, ಅರ್ಧ ದಿನದ ಫಜೀತಿ

ಬಸ್ಸಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನ್ ಹಿಡ್ಕೊಂಡು ಕೇಳ್ತಿರೋರಿಗೆ ಸ್ಪೆಷಲ್ ಸ್ವಾಗತ.

ಇವತ್ತು ದೊಡ್ಡ ದೊಡ್ಡ ಇಂಗ್ಲಿಷ್ ಪದಗಳ ವಿಷಯ. ಮೊದಲು ನನ್ನ ಫಜೀತಿ ಕೇಳಿ. ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಬಿ.ಕಾಂ ಮುಗಿಸಿ ಒಂದು ಆಡಿಟ್ ಆಫೀಸಿಗೆ ಸೇರಿದೆ. ಅಲ್ಲಿನವರ ಇಂಗ್ಲಿಷ್ ಕೇಳಿ ಹೆದರಿ, ಫೋನಿಗೆ ಒಂದು ಆ್ಯಪ್ ಹಾಕ್ಕೊಂಡು ದಿನಕ್ಕೆ 10 ಪದ ಬಾಯಿಪಾಠ ಶುರು ಮಾಡಿದೆ. ಒಂದು ದಿನ ಬಂದ ಪದ ‘ಆಸ್ಟೆನ್ಸಿಬ್ಲಿ’. ಅರ್ಥ, ‘ಮೇಲ್ನೋಟಕ್ಕೆ ಕಾಣುವಂತೆ’. ಓಹೋ, ಎಲ್ಲರ ಕಣ್ಣಿಗೂ ಕಾಣೋ ಹಾಗೆ, ಸ್ಪಷ್ಟವಾಗಿ ಅಂತ ಅಂದ್ಕೊಂಡೆ.

ಅದೇ ವಾರ ಕ್ಲೈಂಟಿಗೆ ಮೇಲ್ ಬರೆದೆ: ‘ವಿ ಹ್ಯಾವ್ ಆಸ್ಟೆನ್ಸಿಬ್ಲಿ ಕಂಪ್ಲೀಟೆಡ್ ದ ಸ್ಟಾಕ್ ವೆರಿಫಿಕೇಶನ್.’ ಮೂರು ದಿನ ಗೋಡೌನಲ್ಲಿ ಧೂಳು ಕುಡಿದು ಒಂದೊಂದೇ ಬಾಕ್ಸ್ ಎಣಿಸಿದ್ದೆ, ಮೇಲ್ ಕೂಡ ಜೋರಾಗಿರ್ಲಿ ಅಂತ.

ಕ್ಲೈಂಟ್ ನೇರ ನಮ್ಮ ಸಾರಿಗೆ ಫೋನ್ ಮಾಡಿದ್ರು. ‘ನಿಮ್ಮ ಹುಡುಗ ನಿಜವಾಗ್ಲೂ ಎಣಿಸಿದಾನಾ, ಇಲ್ವಾ?’ ಯಾಕಂದ್ರೆ ಆ ಪದದ ಹೊಟ್ಟೆಯಲ್ಲೇ ಒಂದು ಅನುಮಾನ ಇದೆ. ತೋರಿಕೆಗೆ ಹೀಗೆ, ಒಳಗೆ ಬೇರೆಯೇ ಇರಬಹುದು ಅನ್ನೋ ಧ್ವನಿ. ನಾನು ಬರೆದು ಕಳಿಸಿದ್ದು ‘ಎಣಿಸಿದ ಹಾಗೆ ಮಾಡಿದ್ದೇವೆ’ ಅಂತ! ಎಣಿಕೆ ಶೀಟುಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಳಿಸಿ ನಂಬಿಸೋಕೆ ಅರ್ಧ ದಿನ ಹೋಯ್ತು. ‘ಕಂಪ್ಲೀಟೆಡ್ ಅಂತಷ್ಟೇ ಬರೆದಿದ್ರೆ ಏನಾಗ್ತಿತ್ತಪ್ಪಾ?’ ಅಂದ್ರು ಸಾರ್. ಉತ್ತರ ಇರಲಿಲ್ಲ.

ಆ್ಯಪ್ ಕೊಟ್ಟ ಅರ್ಥ ತಪ್ಪಲ್ಲ. ಆದ್ರೆ ಪದಕ್ಕೆ ಅರ್ಥದ ಜೊತೆಗೆ ಒಂದು ಸಹವಾಸನೂ ಇರುತ್ತೆ. ನಮ್ಮ ಭಾಷೇನೇ ನೋಡಿ. ಸೀರೆ ಉಡ್ತಾರೆ, ಹೂವು ಮುಡೀತಾರೆ, ಬಳೆ ತೊಡ್ತಾರೆ, ಕನ್ನಡಕ ಹಾಕ್ಕೋತಾರೆ. ಇಂಗ್ಲಿಷಲ್ಲಿ ಈ ಎಲ್ಲದಕ್ಕೂ ‘ವೇರ್’ ಒಂದೇ ಸಾಕು. ಕನ್ನಡ ಕಲಿಯೋ ಒಬ್ಬರು ‘ವೇರ್ ಅಂದ್ರೆ ಮುಡಿ’ ಅಂತ ಬಾಯಿಪಾಠ ಮಾಡಿ ‘ನಾನು ಪ್ಯಾಂಟ್ ಮುಡಿದೆ’ ಅಂದ್ರೆ ನಗು ತಡೆಯೋಕಾಗುತ್ತಾ? ನನ್ನ ಮೇಲ್ ಓದಿದವರಿಗೂ ಅದೇ ಆಗಿರಬೇಕು.

ಹಾಗೇ ‘ಮಿಟಿಗೇಟ್’ ಅನ್ನೋ ಪದ. ಅರ್ಥ, ತೀವ್ರತೆ ಕಡಿಮೆ ಮಾಡು. ಅದು ರಿಸ್ಕ್, ಡ್ಯಾಮೇಜ್, ಇಂಪ್ಯಾಕ್ಟ್ ಇಂಥವುಗಳ ಜೊತೆ ಓಡಾಡೋ ಪದ. ಕಡಿಮೆ ಮಾಡೋದು ಅಂತ ಅಂಗಡೀಲಿ ರೇಟ್ ಮಿಟಿಗೇಟ್ ಮಾಡಿ ಅಂದ್ರೆ ನಡೆಯಲ್ಲ.

ಕಾಮರ್ಸ್ ಓದಿದವರಿಗೆ ಒಂದು ಗುಟ್ಟು. ಅಡ್ವಾನ್ಸ್ಡ್ ಪದಗಳು ಎಷ್ಟೋ ನಿಮ್ಮ ತಲೇಲಿ ಆಗಲೇ ಇವೆ. ‘ಕಂಟಿಂಜೆಂಟ್ ಲಯಬಿಲಿಟಿ’ ನೆನಪಿದೆಯಾ? ಕಂಪನಿ ಮೇಲೆ ಕೇಸ್ ಇದೆ, ಸೋತರೆ ಮಾತ್ರ ದುಡ್ಡು ಕೊಡಬೇಕು. ಅಂದ್ರೆ ಇನ್ನೊಂದರ ಮೇಲೆ ನಿಂತಿರೋದು. ಅದನ್ನೇ ಪರೀಕ್ಷೆಯಿಂದ ಹೊರಗೆ ತನ್ನಿ: ‘ಮೈ ಟ್ರಿಪ್ ಈಸ್ ಕಂಟಿಂಜೆಂಟ್ ಆನ್ ಗೆಟ್ಟಿಂಗ್ ಲೀವ್.’ ಆ ‘ಆನ್’ ಮರೀಬೇಡಿ, ಅದೂ ಪದದ ಸಂಸಾರದವರೇ.

ಈಗ ನಾನು ವಾರಕ್ಕೆ ಮೂರೇ ಪದ ಕಲಿಯೋದು. ಕೇಂಬ್ರಿಡ್ಜ್ ಅಥವಾ ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ ವೆಬ್‌ಸೈಟಲ್ಲಿ ಅರ್ಥಕ್ಕಿಂತ ಕೆಳಗಿನ ಉದಾಹರಣೆ ವಾಕ್ಯಗಳನ್ನೇ ಜಾಸ್ತಿ ಓದ್ತೀನಿ, ಸ್ಪೀಕರ್ ಗುರುತು ಒತ್ತಿ ಉಚ್ಚಾರ ಕೇಳ್ತೀನಿ. ಅಂದಹಾಗೆ, 1928ರಲ್ಲಿ ಮುಗಿದ ಆಕ್ಸ್‌ಫರ್ಡಿನ ಆ ದೊಡ್ಡ ನಿಘಂಟು ತಯಾರಾಗಿದ್ದೂ ಹೀಗೇ. ಸಾವಿರಾರು ಓದುಗರು ಪುಸ್ತಕಗಳಿಂದ ವಾಕ್ಯಗಳನ್ನ ಚೀಟಿಯಲ್ಲಿ ಬರೆದು ಕಳಿಸಿದ್ರು, ಸಂಪಾದಕರು ಅವನ್ನ ನೋಡಿ ಅರ್ಥ ಬರೆದ್ರು. ಆಮೇಲೆ ನನ್ನ ಜೀವನದ ಒಂದು ನಿಜವಾದ ವಾಕ್ಯಕ್ಕೆ ಆ ಪದ ಹಾಕಿ ಬರೀತೀನಿ. ಸುಳ್ಳು ವಾಕ್ಯ ಬರೆದ್ರೆ ನಂಗಂತೂ ಮರುದಿನಕ್ಕೆ ಮರೆತುಹೋಗುತ್ತೆ. ಆಫೀಸ್ ಮೇಲಿಗೆ ಹಾಕೋ ಮುಂಚೆ ಗೊತ್ತಿರೋರ ಹತ್ರ ಒಮ್ಮೆ ಕೇಳ್ತೀನಿ, ನಾಚಿಕೆ ಬಿಟ್ಟು.

ಈ ವಾರ ‘ಆಸ್ಟೆನ್ಸಿಬ್ಲಿ’ ಹಾಕಿ ನಿಮ್ಮ ಮನೆಯ ಒಂದು ನಿಜವಾದ ವಾಕ್ಯ ವಾಯ್ಸ್ ನೋಟ್ ಮಾಡಿ ಕಳಿಸಿ. ನನ್ನದು ಇದು: ‘ಮೈ ಬ್ರದರ್ ಈಸ್ ಆಸ್ಟೆನ್ಸಿಬ್ಲಿ ಸ್ಟಡಿಯಿಂಗ್ ಆನ್ ದ ಟೆರೇಸ್.’ ಪುಸ್ತಕ ಇಲ್ಲೇ ಟೇಬಲ್ ಮೇಲಿದೆ, ಚಾರ್ಜರ್ ಮಾತ್ರ ಕಾಣಿಸ್ತಿಲ್ಲ.