ಬೈಹುಲ್ಲಿನ ಬೆಂಕಿಯ ಊರು ಕೋಚಿ

ಜಪಾನಿನ ಊಟ ಅಂದಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಪುಟ್ಟ ತಟ್ಟೆ, ಅದರಲ್ಲಿ ಎರಡೇ ತುಣುಕು, ಸುತ್ತ ಗಂಭೀರ ಮೌನ. ಇವತ್ತು ನಾನು ಹೇಳಹೊರಟ ಊರಿಗೆ ಈ ಚಿತ್ರ ಒಗ್ಗುವುದಿಲ್ಲ. ಊರಿನ ಹೆಸರು ಕೋಚಿ. ಕೇರಳದ್ದಲ್ಲ, ಶಿಕೋಕು ದ್ವೀಪದ ದಕ್ಷಿಣ ದಡದ್ದು. ಮುಖ್ಯ ದ್ವೀಪದ ಒಕಯಾಮಾ ನಗರದಲ್ಲಿ ರೈಲು ಹತ್ತಿದರೆ ಕಡಲ ಸೇತುವೆ ದಾಟಿ, ಬೆಟ್ಟದ ಸುರಂಗಗಳಲ್ಲಿ ನುಸುಳಿ, ಸುಮಾರು ಎರಡೂವರೆ ಗಂಟೆಯಲ್ಲಿ ಇಳಿಯಬಹುದು.

ಇಲ್ಲಿನವರ ಪ್ರಾಣ ಕತ್ಸುವೊ ಎಂಬ ಮೀನು. ಟ್ಯೂನಾ ಬಳಗದ್ದು. ಕುರೋಶಿಯೋ ಎಂಬ ಬೆಚ್ಚನೆಯ ಪ್ರವಾಹದ ಜೊತೆ ವಸಂತದಲ್ಲಿ ಉತ್ತರಕ್ಕೆ ಹೋಗುತ್ತದೆ, ಶರತ್ಕಾಲದಲ್ಲಿ ಕೊಬ್ಬಿ ಮರಳುತ್ತದೆ. ಹಿಡಿಯಲು ಬಲೆಗಿಂತ ಕೋಲು ಗಾಳವೇ ಇವರಿಗೆ ಹೆಮ್ಮೆ. ಜೀವಂತ ಬೂತಾಯಿ ಜಾತಿಯ ಮೀನು ಎರಚಿ, ನೀರು ಚಿಮ್ಮಿಸಿ ಹಿಂಡನ್ನು ಮೇಲಕ್ಕೆ ಸೆಳೆದು, ಒಂದೊಂದನ್ನೇ ಎತ್ತಿ ಹಡಗಿನೊಳಗೆ ಎಸೆಯುತ್ತಾರೆ. ನಮ್ಮ ಲಕ್ಷದ್ವೀಪದ ಮಿನಿಕಾಯ್‌ನವರೂ ಇದೇ ಮೀನನ್ನು ಹೀಗೇ ಹಿಡಿಯುತ್ತಾರೆ.

ಇನ್ನು ಊಟ. ಗಲ್ಲಿಯೊಳಗಿನ ಪುಟ್ಟ ಹೋಟೆಲ್ಲಿನಲ್ಲಿ ಕಟ್ಟೆಯ ಬದಿಗೇ ಜಾಗ ಹಿಡಿಯಿರಿ, ಒಲೆ ಕಾಣಬೇಕು. ಕೂತ ತಕ್ಷಣ ಬಿಸಿ ಒದ್ದೆ ಬಟ್ಟೆ, ಜೊತೆಗೆ ನೀವು ಕೇಳದ ಒಂದು ಚಿಕ್ಕ ಬಟ್ಟಲು ಪದಾರ್ಥ ಬರುತ್ತದೆ. ಅದಕ್ಕೂ ಬಿಲ್ಲಿನಲ್ಲಿ ಕಾಸುಂಟು. ಜಗಳ ಬೇಡ, ಅದು ಅಲ್ಲಿನ ಪದ್ಧತಿ. ಟಿಪ್ಸ್ ಕೊಡುವ ಪದ್ಧತಿ ಇಲ್ಲ, ಅಲ್ಲಿಗೆ ಸರಿಹೋಯಿತು.

ಅಡುಗೆಯವನು ಚರ್ಮ ಬಿಡಿಸದ ಮೀನಿನ ಉದ್ದ ಹೋಳನ್ನು ಕಬ್ಬಿಣದ ಸರಳುಗಳಿಗೆ ಚುಚ್ಚಿ, ಒಣ ಬೈಹುಲ್ಲಿಗೆ ಬೆಂಕಿ ಹಚ್ಚುತ್ತಾನೆ. ಉರಿ ಭುಗಿಲೆಂದು ಮೇಲೇಳುತ್ತದೆ. ಹುಲ್ಲಿನ ಉರಿಗೆ ಆಯುಸ್ಸು ಕಡಿಮೆ, ಆರ್ಭಟ ಹೆಚ್ಚು, ಅದಕ್ಕೇ ಬೇಕಾಗಿರುವುದು. ಚರ್ಮ ಕರಕಲಾಗಿ ಹೊಗೆಯ ವಾಸನೆ ಹಿಡಿಯುವಷ್ಟರಲ್ಲಿ ಒಳಗಿನ ಮಾಂಸ ಕೆಂಪಗೆ, ಹಸಿಯಾಗಿಯೇ ಉಳಿದಿರುತ್ತದೆ. ಇದೇ ತತಾಕಿ. ಬೆರಳ ದಪ್ಪಕ್ಕೆ ಕೊಯ್ದು, ಇನ್ನೂ ಬೆಚ್ಚಗಿರುವಾಗಲೇ ಮುಂದಿಡುತ್ತಾರೆ. ಹರಳುಪ್ಪು ಉದುರಿಸಿ, ಹಸಿ ಬೆಳ್ಳುಳ್ಳಿಯ ಬಿಲ್ಲೆಯೊಂದನ್ನು ಮೇಲಿಟ್ಟು ಬಾಯಿಗೆ ಹಾಕಿಕೊಳ್ಳಿ. ಯುಜು ಎಂಬ ನಿಂಬೆ ಜಾತಿಯ ಹಣ್ಣಿನ ಹುಳಿ ಬೆರೆಸಿದ ಸೋಯಾ ರಸದಲ್ಲಿ ಅದ್ದುವವರೂ ಇದ್ದಾರೆ. ನನ್ನ ಮತ ಉಪ್ಪಿಗೇ.

ತತಾಕಿ ಹುಟ್ಟಿದ್ದಕ್ಕೊಂದು ಕತೆಯಿದೆ. 1601ರಲ್ಲಿ ಇಲ್ಲಿಗೆ ದೊರೆಯಾಗಿ ಬಂದ ಯಾಮಾವುಚಿ ಹಸಿ ಮೀನು ತಿನ್ನಬಾರದೆಂದು ಆಜ್ಞೆ ಹೊರಡಿಸಿದನಂತೆ; ಜನ ಮೇಲ್ಮೈ ಮಾತ್ರ ಸುಟ್ಟು, ಬೆಂದಿದೆ ಎಂದು ಕಣ್ಣಿಗೆ ಮಣ್ಣೆರಚಿದರಂತೆ. ಕತೆ ಸೊಗಸಾಗಿದೆ, ಆದರೆ ನಂಬುವುದು ಕಷ್ಟ.

ಕುಡಿಯುವುದರಲ್ಲೂ ತುಂಟಾಟ. ಬೆಕುಹೈ ಎಂಬ ಬಟ್ಟಲುಗಳಲ್ಲಿ ಒಂದಕ್ಕೆ ಉದ್ದ ಮೂಗು, ಕೆಳಗಿಟ್ಟರೆ ಉರುಳುತ್ತದೆ. ಇನ್ನೊಂದಕ್ಕೆ ತೂತು, ಬೆರಳಿನಿಂದ ಮುಚ್ಚಿಕೊಂಡೇ ಇರಬೇಕು. ಬುಗುರಿ ತಿರುಗಿಸಿ, ಅದು ಯಾರತ್ತ ಬೀಳುತ್ತದೋ ಅವರು ಖಾಲಿ ಮಾಡದೆ ಕೈಬಿಡುವಂತಿಲ್ಲ. ಪಕ್ಕದ ಮೇಜಿನ ಅಪರಿಚಿತರು ನಿಮ್ಮನ್ನೂ ಕರೆದಾರು, ಎಚ್ಚರ.

ಸಸ್ಯಾಹಾರಿಗಳು ರೇಡಿಯೋ ಆರಿಸಬೇಡಿ. ಇದೇ ಕತ್ಸುವೊ ಮೀನನ್ನು ಒಣಗಿಸಿ ಹೆರೆದು ತೆಗೆದ ಸಾರು ಜಪಾನಿನ ಎಷ್ಟೋ ಅಡುಗೆಗಳಲ್ಲಿ ಸದ್ದಿಲ್ಲದೆ ಕೂತಿರುತ್ತದೆ, ಹಾಗಾಗಿ ಹೋಟೆಲ್ಲಿನಲ್ಲಿ ನಿಮಗೆ ಕಷ್ಟವೇ. ಬದಲಿಗೆ ಭಾನುವಾರ ಊರಿನ ಕೋಟೆಯ ಎದುರಿನ ಬೀದಿಗೆ ಹೋಗಿ. 1690ರಿಂದ ನಡೆದುಬಂದಿರುವ ಸಂತೆ ಅದು. ಶುಂಠಿ, ಯುಜು, ಸೊಪ್ಪುಗಳ ನಡುವೆ ಬಿಸಿ ಗೆಣಸಿನ ಬಜ್ಜಿ ಸಿಗುತ್ತದೆ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರೆಯೇ ಎಂದು ಮಾತ್ರ ಕೇಳಿಕೊಳ್ಳಿ.