ಟ್ರೇಲರು ವಾಹನ ಮತ್ತು ಚಾಲಕನ ಅನುಜ್ಞಾಪತ್ರ



ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಪ್ರಯಾಣ ಮಾಡಿದ ಕನ್ನಡಿಗರಿಗೆ ಮನ್ಮಾಡ್ ಎಂಬ ಹೆಸರು ಹೊಸದಲ್ಲ. ಶಿರಡಿಯ ಯಾತ್ರೆಗೆಂದು ಹೊರಟು ಅಲ್ಲಿ ಇಳಿದವರೂ ಅನೇಕರು. ನಾಸಿಕ್ ಜಿಲ್ಲೆಯ ನಾಂದಗಾಂವ್ ತಾಲ್ಲೂಕಿಗೆ ಸೇರಿದ ಈ ಊರು, ಮುಂಬಯಿ–ಭುಸಾವಳ ರೈಲು ಮಾರ್ಗಕ್ಕೆ ದೌಂಡ್ ಕಡೆಯಿಂದಲೂ ಛತ್ರಪತಿ ಸಂಭಾಜಿನಗರದ ಕಡೆಯಿಂದಲೂ ಬರುವ ಮಾರ್ಗಗಳು ಬಂದು ಕೂಡುವ ಜಂಕ್ಷನ್. ಆದರೆ ವಿಜಯಪುರ, ಸೊಲ್ಲಾಪುರ, ಅಹಿಲ್ಯಾನಗರಗಳನ್ನು ಹಾದು ಮಾಲೆಗಾಂವ್, ಧುಳೆ, ಇಂದೋರುಗಳತ್ತ ಸರಕು ಒಯ್ಯುವ ಲಾರಿ ಚಾಲಕರು ಈ ಊರನ್ನು ಬಲ್ಲುದು ಬೇರೊಂದು ಕಾರಣದಿಂದ. ಇಲ್ಲಿ ಭಾರತ ಆಹಾರ ನಿಗಮದ ವಿಶಾಲವಾದ ಉಗ್ರಾಣವಿದೆ. ಊರಿನ ಹೊರಗೆ ಪಾನೆವಾಡಿಯಲ್ಲಿ ಸಾರ್ವಜನಿಕ ವಲಯದ ತೈಲ ಕಂಪನಿಗಳ ಡಿಪೋಗಳಿವೆ. ಮುಂಬಯಿಯಿಂದ ಕೊಳವೆ ಮಾರ್ಗದಲ್ಲಿ ಬಂದ ಪೆಟ್ರೋಲು, ಡೀಸೆಲ್ಲುಗಳು ಇಲ್ಲಿ ಟ್ಯಾಂಕರುಗಳಿಗೆ ತುಂಬಿ ಉತ್ತರ ಮಹಾರಾಷ್ಟ್ರ ಮತ್ತು ಮರಾಠವಾಡದ ಬಂಕುಗಳನ್ನು ತಲುಪುತ್ತವೆ. 2024ರ ಜನವರಿ ಮೊದಲ ದಿನಗಳಲ್ಲಿ, ಅಪಘಾತ ಮಾಡಿ ಪರಾರಿಯಾಗುವವರಿಗೆ ವಿಧಿಸುವ ಹೊಸ ಶಿಕ್ಷೆಯನ್ನು ಪ್ರತಿಭಟಿಸಿ ಪಾನೆವಾಡಿಯ ಟ್ಯಾಂಕರು ಚಾಲಕರು ಗಾಡಿಗಳನ್ನು ನಿಲ್ಲಿಸಿದಾಗ, ಬಂಕುಗಳ ಮುಂದೆ ಜನರ ಸಾಲು ಬೆಳೆಯಿತು. ಸ್ಟಿಯರಿಂಗಿನ ಹಿಂದೆ ಕುಳಿತವನ ಮೇಲೆ ಸಮಾಜವು ಎಷ್ಟು ಅವಲಂಬಿಸಿದೆ ಎಂಬುದು ಅಂತಹ ದಿನಗಳಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ.

ಅಂತಹ ಚಾಲಕನ ಜೇಬಿನಲ್ಲಿರುವ ಅನುಜ್ಞಾಪತ್ರ, ಅಂದರೆ ಎಲ್ಲರೂ ಡಿ.ಎಲ್. ಎಂದು ಕರೆಯುವ ಚಾಲನಾ ಲೈಸೆನ್ಸು, ಅವನು ಎಳೆಯುತ್ತಿರುವ ಗಾಡಿಗೆ ತಕ್ಕದ್ದೇ ಎಂಬುದು ಇಂದಿನ ಉಪನ್ಯಾಸದ ವಿಷಯ. ಲೈಸೆನ್ಸು ಇದೆಯೇ ಎಂದು ಕೇಳಿದರೆ ಬಹುತೇಕ ಚಾಲಕರು ಇದೆ ಎನ್ನುತ್ತಾರೆ. ಅದು ನಿಜವೂ ಹೌದು. ಯಾವುದಕ್ಕೆ ಇದೆ ಎಂದು ಕೇಳಿದಾಗ ಉತ್ತರ ತಡವರಿಸುತ್ತದೆ.

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. 1989ರ ಜುಲೈ 1ರಿಂದ ಜಾರಿಯಲ್ಲಿರುವ 1988ರ ಮೋಟಾರು ವಾಹನಗಳ ಅಧಿನಿಯಮವು ಎಳೆಸಿಕೊಳ್ಳುವ ಗಾಡಿಗಳನ್ನು ಎರಡು ಬಗೆಯಾಗಿ ನೋಡುತ್ತದೆ. ತನ್ನ ಭಾರವನ್ನೆಲ್ಲ ತನ್ನ ಚಕ್ರಗಳ ಮೇಲೆಯೇ ಹೊತ್ತು, ಮುಂದಿನ ವಾಹನಕ್ಕೆ ಕೊಂಡಿಯಿಂದ ತಗುಲಿಕೊಂಡು ಬರುವುದು ಟ್ರೇಲರು. ಕಬ್ಬು ಹೊತ್ತು ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರಿನ ಹಿಂದೆ ಕಾಣುವುದು ಇದೇ. ಎರಡನೆಯದು ಅರೆ ಟ್ರೇಲರು: ಇದರ ಮುಂಭಾಗವು ಎಳೆಯುವ ವಾಹನದ ಬೆನ್ನ ಮೇಲೆ ಕುಳಿತಿರುತ್ತದೆ, ಭಾರದ ಒಂದು ಪಾಲನ್ನು ಆ ವಾಹನವೇ ಹೊರುತ್ತದೆ. ಇಂತಹ ಅರೆ ಟ್ರೇಲರನ್ನು ಜೋಡಿಸಿಕೊಂಡ ವಾಹನವನ್ನು ಕಾನೂನು ಕೀಲುಜೋಡಣೆಯ ವಾಹನವೆಂದು ಕರೆಯುತ್ತದೆ. ಕಂಟೇನರು ಹೊತ್ತು ಹೆದ್ದಾರಿಯಲ್ಲಿ ಸಾಗುವ ಉದ್ದನೆಯ ಗಾಡಿಗಳೆಲ್ಲ ಈ ಗುಂಪಿನವು. ಇವುಗಳಲ್ಲಿ ದೊಡ್ಡವಕ್ಕೆ, 2018ರಲ್ಲಿ ಅಚ್ಚುಭಾರದ ಮಿತಿಯನ್ನು ಪರಿಷ್ಕರಿಸಿದ ನಂತರ, ಒಟ್ಟು 55 ಟನ್ನುಗಳವರೆಗೂ ಅವಕಾಶವಿದೆ. ಟ್ರೇಲರಿಗೆ ಎಂಜಿನ್ ಇಲ್ಲದಿದ್ದರೂ ಅದೂ ಒಂದು ಮೋಟಾರು ವಾಹನವೇ ಎಂದು ಅಧಿನಿಯಮ ಹೇಳುತ್ತದೆ. ಕೇಳಿದವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಅದಕ್ಕೂ ನೋಂದಣಿ ಬೇಕಾಗುವುದು ಈ ಕಾರಣದಿಂದಲೇ.

ಅನುಜ್ಞಾಪತ್ರದ ಮೆಟ್ಟಿಲುಗಳು ಹೀಗಿವೆ. ಹದಿನೆಂಟು ವರ್ಷ ತುಂಬಿದವನು ಲಘು ಮೋಟಾರು ವಾಹನದ ಲೈಸೆನ್ಸು ಪಡೆಯಬಹುದು. ಸಾರಿಗೆ ವಾಹನವನ್ನು ನಡೆಸಲು ಇಪ್ಪತ್ತು ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸು ಪಡೆದು ಕನಿಷ್ಠ ಒಂದು ವರ್ಷವಾಗಿರದಿದ್ದರೆ ಸಾರಿಗೆ ವಾಹನದ ಕಲಿಕಾ ಲೈಸೆನ್ಸನ್ನೂ ಕೊಡುವಂತಿಲ್ಲ. ಅದರೊಂದಿಗೆ ನೋಂದಾಯಿತ ವೈದ್ಯರ ಪ್ರಮಾಣಪತ್ರ ಮತ್ತು ಮಾನ್ಯತೆ ಪಡೆದ ಚಾಲನಾ ಶಾಲೆಯ ಪ್ರಮಾಣಪತ್ರ ಬೇಕು. ಸಾರಿಗೆ ವಾಹನದ ಚಾಲಕನು ಎಂಟನೆಯ ತರಗತಿ ಮುಗಿಸಿರಬೇಕೆಂಬ ನಿಯಮ ಬಹುಕಾಲವಿತ್ತು. 2019ರಲ್ಲಿ ಅದನ್ನು ಕೈಬಿಡಲಾಗಿದೆ. ಹತ್ತು ವರ್ಷ ಕ್ಲೀನರಾಗಿ ದುಡಿದು ಗಾಡಿಯ ಮರ್ಮವನ್ನೆಲ್ಲ ಬಲ್ಲವನಾಗಿದ್ದರೂ ಶಾಲೆಯ ಕಾಗದವಿಲ್ಲದೆ ಬಾಗಿಲಲ್ಲೇ ನಿಂತವರಿಗೆ ಇದರಿಂದ ದಾರಿ ತೆರೆದಿದೆ. ಆದರೆ ಪರೀಕ್ಷೆಯಿಂದ ವಿನಾಯಿತಿ ದೊರೆತಿಲ್ಲವೆಂಬುದನ್ನು ಮರೆಯಲಾಗದು. ರಾತ್ರಿ ಚಾಲಕ ನಿದ್ರಿಸುವಾಗ ಕ್ಲೀನರು ಗಾಡಿ ನಡೆಸುವ ರೂಢಿ ನಮ್ಮ ಹೆದ್ದಾರಿಗಳಲ್ಲಿ ಹಳೆಯದು. ಕಲಿಕಾ ಲೈಸೆನ್ಸು ಇದ್ದರೂ ಪಕ್ಕದಲ್ಲಿ ಆ ವರ್ಗದ ಲೈಸೆನ್ಸು ಹೊಂದಿದವನು ಕಲಿಸುತ್ತ ಕುಳಿತಿರಬೇಕು. ನಿದ್ರಿಸುತ್ತಿರುವವನು ಕಲಿಸುವವನಲ್ಲ.

ಲಘು ವಾಹನದ ಲೈಸೆನ್ಸಿನ ವ್ಯಾಪ್ತಿ ಎಲ್ಲಿಯವರೆಗೆ ಎಂಬುದು ಹಲವು ವರ್ಷ ವಾದಕ್ಕೆ ಒಳಗಾಗಿದ್ದ ಪ್ರಶ್ನೆ. ಒಟ್ಟು ತೂಕ 7500 ಕಿಲೋಗ್ರಾಮುಗಳನ್ನು ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸಿನಿಂದಲೇ ನಡೆಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿತು. ಅದರ ಬಗ್ಗೆ ಸಂದೇಹಗಳೆದ್ದು ವಿಷಯವು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಹೋಯಿತು. 2024ರ ನವೆಂಬರ್ 6ರಂದು ಆ ಪೀಠವೂ ಅದೇ ಅಭಿಪ್ರಾಯವನ್ನು ಎತ್ತಿಹಿಡಿಯಿತು. ಊರೊಳಗೆ ತರಕಾರಿ, ಹಾಲು, ಗ್ಯಾಸ್ ಸ್ಟೌವು ಸಾಗಿಸುವ ಸಣ್ಣ ಟೆಂಪೋಗಳ ಲಕ್ಷಾಂತರ ಚಾಲಕರಿಗೆ ಇದು ನೆಮ್ಮದಿ ತಂದ ತೀರ್ಪು. ಆದರೆ ಅದನ್ನು ಅರ್ಧ ಓದಿ ಭಾರಿ ವಾಹನಕ್ಕೂ ಅನ್ವಯಿಸುವವರಿದ್ದಾರೆ. ತೂಕದ ಗೆರೆಯನ್ನು ದಾಟಿದ ಕೂಡಲೇ ಸಾರಿಗೆ ವಾಹನದ ಪ್ರತ್ಯೇಕ ನಮೂದು ಬೇಕೇ ಬೇಕು. ಅಪಾಯಕಾರಿ ಸರಕಿನ ವಿಶೇಷ ನಿಯಮಗಳನ್ನೂ ಆ ತೀರ್ಪು ಸಡಿಲಿಸಿಲ್ಲ.

ರೈತರಿಗೆ ಸಂಬಂಧಿಸಿದ ಮತ್ತೊಂದು ತೀರ್ಪು ಕರ್ನಾಟಕದಿಂದಲೇ ಮೇಲ್ಮನವಿಯಾಗಿ ಹೋದದ್ದು. ಟ್ರ್ಯಾಕ್ಟರಿನ ಚಾಲಕನ ಬಳಿ ಟ್ರ್ಯಾಕ್ಟರು ನಡೆಸುವ ಲೈಸೆನ್ಸಿತ್ತು. ಹಿಂದೆ ಟ್ರೇಲರು ಜೋಡಿಸಿ ಸರಕು ತುಂಬಿದ್ದರಿಂದ ಅದು ಸಾರಿಗೆ ವಾಹನವಾಯಿತು, ಆದ್ದರಿಂದ ಆ ಲೈಸೆನ್ಸು ಸಲ್ಲದು, ಪರಿಹಾರ ಕೊಡುವ ಹೊಣೆ ತನ್ನದಲ್ಲ ಎಂದು ವಿಮಾ ಸಂಸ್ಥೆ ವಾದಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಟ್ರ್ಯಾಕ್ಟರು ನಡೆಸಲು ಸಿಂಧುವಾದ ಲೈಸೆನ್ಸು ಇದ್ದವನು ಅದರ ಹಿಂದೆ ಟ್ರೇಲರು ಕಟ್ಟಿದ ಮಾತ್ರಕ್ಕೆ ಆ ಲೈಸೆನ್ಸು ನಿಷ್ಫಲವಾಗುವುದಿಲ್ಲವೆಂದು ತೀರ್ಮಾನಿಸಿತು. ಬೆಳಗಾವಿಯಿಂದ ನಾಸಿಕ್‌ವರೆಗಿನ ಕಬ್ಬಿನ ನಾಡಿನಲ್ಲಿ ಈ ತೀರ್ಪಿನ ಬೆಲೆ ದೊಡ್ಡದು. ಆದರೂ ರೈತನ ಟ್ರ್ಯಾಕ್ಟರಿಗೆ ಹೇಳಿದ ಮಾತನ್ನು ನಲವತ್ತು ಟನ್ನಿನ ಕೀಲುಗಾಡಿಗೆ ಎಳೆದು ಹೊಂದಿಸಲಾಗದು. ಕೆಲವು ಕಡೆ ಭಾರಿ ಟ್ರೇಲರನ್ನು ಲೈಸೆನ್ಸಿನಲ್ಲಿ ಪ್ರತ್ಯೇಕ ವರ್ಗವಾಗಿಯೇ ನಮೂದಿಸುವ ಪದ್ಧತಿಯಿದೆ. ಆದುದರಿಂದ ಹೊಸ ಗಾಡಿಯ ಕೆಲಸ ಒಪ್ಪಿಕೊಳ್ಳುವ ಮುನ್ನ ಗಾಡಿಯ ನೋಂದಣಿ ಪುಸ್ತಕದ ವಿವರವನ್ನೂ ತನ್ನ ಲೈಸೆನ್ಸನ್ನೂ ಆರ್.ಟಿ.ಒ. ಕಚೇರಿಯಲ್ಲಿ ತೋರಿಸಿ ಕೇಳುವುದು ಒಂದು ಬೆಳಗಿನ ಕೆಲಸ, ಅಷ್ಟೆ.

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂಬ ಪ್ರಶ್ನೆಗೆ ಗಾಡಿಯೇ ಉತ್ತರ ಕೊಡುತ್ತದೆ. ಸಾಮಾನ್ಯ ಲಾರಿ ಒಂದೇ ದೇಹ, ಕೀಲುಗಾಡಿ ಎರಡು. ತಿರುವಿನಲ್ಲಿ ಮುಂದಿನ ಚಕ್ರಗಳು ತುಳಿದ ದಾರಿಯನ್ನು ಹಿಂದಿನ ಚಕ್ರಗಳು ತುಳಿಯುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತವೆ. ತಿರುವಿನ ಒಳಬದಿಯಲ್ಲಿ ಸೈಕಲ್ಲು ಹಿಡಿದು ನಿಂತವನು ಚಾಲಕನ ಕನ್ನಡಿಯಲ್ಲಿ ಕಾಣುವುದೇ ಇಲ್ಲ. ಹಿಂದಕ್ಕೆ ನಡೆಸುವಾಗ ಟ್ರೇಲರಿನ ಹಿಂಭಾಗ ಬಲಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಮೊದಲು ಎಡಕ್ಕೆ ತಿರುಗಿಸಬೇಕು. ವರ್ಷಗಟ್ಟಲೆ ಲಾರಿ ನಡೆಸಿದ ಕೈಗೂ ಇದು ತಲೆಕೆಳಗಾದ ಪಾಠ. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಒಮ್ಮೆಲೇ ಒತ್ತಿದರೆ ಹಿಂದಿನ ಭಾರ ಮುಂದಿನ ಗಾಡಿಯನ್ನು ನೂಕಿ, ಎರಡೂ ಚಾಕು ಮಡಚಿದಂತೆ ಮಡಚಿಕೊಳ್ಳುತ್ತವೆ. ಟ್ಯಾಂಕರಿನಲ್ಲಿ ಇನ್ನೊಂದು ಕಷ್ಟವುಂಟು. ಪೂರ್ತಿ ತುಂಬಿದ ಕೋಶಕ್ಕಿಂತ ಅರ್ಧ ತುಂಬಿದ ಕೋಶ ಹೆಚ್ಚು ಅಪಾಯಕರ, ಏಕೆಂದರೆ ಒಳಗಿನ ದ್ರವ ತಿರುವಿನಲ್ಲಿ ಪಕ್ಕಕ್ಕೆ ನುಗ್ಗಿ ಗಾಡಿಯನ್ನು ಮಗುಚುವ ಕಡೆಗೆ ತಳ್ಳುತ್ತದೆ. ಅಲುಗನ್ನು ತಡೆಯಲು ಟ್ಯಾಂಕಿನೊಳಗೆ ಅಡ್ಡತಡಿಕೆಗಳಿದ್ದರೂ ಉಳಿದದ್ದು ಚಾಲಕನ ವೇಗವನ್ನೇ ಅವಲಂಬಿಸಿದೆ.

ಪಾನೆವಾಡಿಯ ಬಾಗಿಲಿಗೆ ಬರುವ ಚಾಲಕನಿಗೆ ಇದಕ್ಕೂ ಮೇಲಿನ ಒಂದು ಮೆಟ್ಟಿಲಿದೆ. ಪೆಟ್ರೋಲು, ಡೀಸೆಲ್ಲು, ಅಡಿಗೆ ಅನಿಲಗಳು ಅಪಾಯಕಾರಿ ಸರಕುಗಳು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೆಯ ನಿಯಮದ ಪ್ರಕಾರ, ಇವುಗಳನ್ನು ಸಾಗಿಸುವವನಿಗೆ ಸಾರಿಗೆ ವಾಹನದ ಲೈಸೆನ್ಸಿನ ಜೊತೆಗೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಮೂರು ದಿನಗಳ ತರಬೇತಿ ಮುಗಿಸಿದ ಪ್ರಮಾಣಪತ್ರವಿರಬೇಕು. ಅದರ ಆಧಾರದಿಂದ ಲೈಸೆನ್ಸಿನಲ್ಲಿ ನಮೂದು ಮಾಡಿಸಿಕೊಳ್ಳಬೇಕು. ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಒಂದನ್ನೂ ಇಂಗ್ಲಿಷನ್ನೂ ಓದಿ ಬರೆಯಲು ಬಲ್ಲವನಾಗಿರಬೇಕೆಂದೂ ನಿಯಮ ಹೇಳುತ್ತದೆ. ಕನ್ನಡವು ಆ ಅನುಸೂಚಿಯಲ್ಲಿದೆ. ಮಹಾರಾಷ್ಟ್ರದಲ್ಲಿ ದುಡಿಯುವ ಕನ್ನಡಿಗನು ಇದಕ್ಕಾಗಿ ಮರಾಠಿ ಕಲಿಯಬೇಕಾದ ನಿರ್ಬಂಧವಿಲ್ಲ. ಇಂಗ್ಲಿಷು ಏಕೆ ಎಂದರೆ ಟ್ಯಾಂಕರಿನ ಮೈಮೇಲಿನ ತುರ್ತು ಮಾಹಿತಿ ಫಲಕವನ್ನು ನೋಡಿದರೆ ತಿಳಿಯುತ್ತದೆ. ಅದರಲ್ಲಿ ಸರಕಿನ ತಾಂತ್ರಿಕ ಹೆಸರು, ವಿಶ್ವಸಂಸ್ಥೆ ಗೊತ್ತುಪಡಿಸಿದ ಸಂಖ್ಯೆ, ಅಪಾಯದ ಬಗೆಯನ್ನು ತೋರಿಸುವ ಚೌಕ, ತುರ್ತು ದೂರವಾಣಿ ಇರುತ್ತವೆ. 1203 ಎಂದಿದ್ದರೆ ಪೆಟ್ರೋಲು, 1202 ಎಂದಿದ್ದರೆ ಡೀಸೆಲ್ಲು. ಗಾಡಿ ಮಗುಚಿದಾಗ ಅಗ್ನಿಶಾಮಕ ದಳದವರು ಮೊದಲು ಹುಡುಕುವುದು ಈ ಸಂಖ್ಯೆಯನ್ನು. ಚಾಲಕನ ಕ್ಯಾಬಿನ್ನಿನಲ್ಲಿ ಇರಬೇಕಾದ ತುರ್ತು ಸೂಚನಾ ಕಾಗದವನ್ನು ಓದಲಾಗದವನಿಗೆ ಆ ಕಾಗದ ಇದ್ದೂ ಇಲ್ಲದಂತೆಯೇ.

ತಪ್ಪಾದ ಲೈಸೆನ್ಸಿನಿಂದ ಆಗುವ ನಷ್ಟವನ್ನು ಬಹಳ ಜನ ದಂಡದ ಲೆಕ್ಕದಲ್ಲಿ ಅಳೆಯುತ್ತಾರೆ. 2019ರ ತಿದ್ದುಪಡಿಯ ನಂತರ ಸಿಂಧುವಾದ ಲೈಸೆನ್ಸಿಲ್ಲದೆ ನಡೆಸಿದವನಿಗೂ, ಅಂಥವನ ಕೈಗೆ ಗಾಡಿ ಕೊಟ್ಟ ಮಾಲೀಕನಿಗೂ, ಅಧಿನಿಯಮದಲ್ಲಿ ಐದು ಸಾವಿರ ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಇವೆ. ಆದರೆ ಇದು ಸಣ್ಣ ಭಾಗ. ಅಪಘಾತದಲ್ಲಿ ಒಬ್ಬರು ಸತ್ತರೆ ಪರಿಹಾರದ ಮೊತ್ತ ಹಲವು ಲಕ್ಷಗಳಿಗೆ ಏರುತ್ತದೆ. ಚಾಲಕನಿಗೆ ತಕ್ಕ ಲೈಸೆನ್ಸಿರಲಿಲ್ಲ ಎಂಬುದು ವಿಮಾ ಸಂಸ್ಥೆಗೆ ಕಾನೂನು ಕೊಟ್ಟಿರುವ ಪ್ರತಿವಾದಗಳಲ್ಲಿ ಒಂದು. ಮಾಲೀಕನು ತಿಳಿದೂ ಷರತ್ತು ಮುರಿದನೆಂಬುದನ್ನು ವಿಮಾ ಸಂಸ್ಥೆಯೇ ಸಿದ್ಧಪಡಿಸಬೇಕೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹಾಗೆ ಸಿದ್ಧವಾದರೂ ಎಷ್ಟೋ ಪ್ರಕರಣಗಳಲ್ಲಿ ನ್ಯಾಯಾಲಯಗಳು ಸಂತ್ರಸ್ತರಿಗೆ ಮೊದಲು ಹಣ ಕೊಡಿಸಿ, ಅನಂತರ ಅದನ್ನು ಮಾಲೀಕನಿಂದ ವಸೂಲು ಮಾಡಲು ವಿಮಾ ಸಂಸ್ಥೆಗೆ ಅವಕಾಶ ನೀಡುತ್ತವೆ. ಸಾಲ ಮಾಡಿ ಒಂದೇ ಗಾಡಿ ಕೊಂಡು, ಅದನ್ನು ತಾನೇ ನಡೆಸುವವನಿಗೆ ಮಾಲೀಕನೂ ಚಾಲಕನೂ ಒಬ್ಬನೇ. ವಸೂಲಾತಿಯ ನೋಟೀಸು ಬಂದಾಗ ಹೋಗುವುದು ಗಾಡಿ, ಕೆಲವೊಮ್ಮೆ ಹೊಲ.

ಪ್ರವಾಸಕ್ಕೆಂದು ವಾಸದ ಕೋಣೆಯನ್ನೇ ಕಾರಿನ ಹಿಂದೆ ಎಳೆದೊಯ್ಯುವ ರೂಢಿ ಇಲ್ಲಿ ಇನ್ನೂ ವಿರಳ. ನಮ್ಮಲ್ಲಿ ಕಾಣುವ ಕ್ಯಾರವಾನುಗಳು ಹೆಚ್ಚಾಗಿ ಬಸ್ಸಿನ ಚಾಸಿಯ ಮೇಲೆ ಕಟ್ಟಿದವು. ಆದರೆ ವಿದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆ ಎದುರಾಗುತ್ತದೆ. ಬ್ರಿಟನ್ನಿನಲ್ಲಿ 1997ರ ನಂತರ ಕಾರಿನ ಪರೀಕ್ಷೆ ಮುಗಿಸಿದವರು ದೊಡ್ಡ ಟ್ರೇಲರಿಗಾಗಿ ಮತ್ತೊಂದು ಪರೀಕ್ಷೆ ಬರೆಯಬೇಕಿತ್ತು. 2021ರ ಡಿಸೆಂಬರಿನಿಂದ 3500 ಕಿಲೋಗ್ರಾಮುಗಳವರೆಗೆ ಅದನ್ನು ತೆಗೆದುಹಾಕಲಾಗಿದೆ. ಅಮೆರಿಕದಲ್ಲಿ ಸ್ವಂತ ಪ್ರವಾಸದ ವಾಹನಕ್ಕೆ ವಾಣಿಜ್ಯ ಲೈಸೆನ್ಸು ಸಾಮಾನ್ಯವಾಗಿ ಬೇಡವಾದರೂ, ಕ್ಯಾಲಿಫೋರ್ನಿಯದಂತಹ ರಾಜ್ಯಗಳು ಭಾರಿ ಟ್ರೇಲರಿಗೆ ವಾಣಿಜ್ಯೇತರವಾದ ಪ್ರತ್ಯೇಕ ವರ್ಗವನ್ನಿಟ್ಟಿವೆ. ಒಂದು ರಾಜ್ಯದಲ್ಲಿ ಸಲ್ಲುವ ನಿಯಮ ಪಕ್ಕದ ರಾಜ್ಯದ್ದಲ್ಲ. ಭಾರತದಲ್ಲಿ ಒಂದು ಅನುಕೂಲವೆಂದರೆ ಯಾವ ರಾಜ್ಯದಲ್ಲಿ ಪಡೆದ ಲೈಸೆನ್ಸೂ ದೇಶದಾದ್ಯಂತ ಸಲ್ಲುತ್ತದೆ.

ಕೊನೆಯದಾಗಿ ಅವಧಿಯ ಮಾತು. ಸಾರಿಗೆ ವಾಹನದ ಲೈಸೆನ್ಸು ಮೊದಲು ಮೂರು ವರ್ಷಗಳಿಗೆ ಸಿಗುತ್ತಿತ್ತು, 2019ರ ತಿದ್ದುಪಡಿಯಿಂದ ಐದು ವರ್ಷಗಳಾಗಿವೆ. ಅಪಾಯಕಾರಿ ಸರಕಿನದು ಒಂದು ವರ್ಷದ್ದಾಗಿದ್ದು ಮೂರು ವರ್ಷಗಳಾಗಿದೆ. ನವೀಕರಣಕ್ಕೆ ಒಂದು ದಿನದ ಮರುತರಬೇತಿ ಬೇಕು. ಅವಧಿ ಮುಗಿದ ಮೇಲೂ ಮೂವತ್ತು ದಿನ ಲೈಸೆನ್ಸು ಸಲ್ಲುತ್ತದೆ ಎಂಬ ನಂಬಿಕೆ ಹಳೆಯ ಚಾಲಕರಲ್ಲಿ ಈಗಲೂ ಇದೆ. ಆ ರಿಯಾಯಿತಿಯನ್ನು ಅದೇ ತಿದ್ದುಪಡಿ ರದ್ದುಪಡಿಸಿದೆ. ಅವಧಿ ತೀರುವ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಕೊಡಬಹುದು. ತೀರಿ ಒಂದು ವರ್ಷ ಕಳೆದರೆ ಮತ್ತೆ ಪರೀಕ್ಷೆಗೆ ನಿಲ್ಲಬೇಕಾಗುತ್ತದೆ. ಅಧಿನಿಯಮದ 15ನೆಯ ಪ್ರಕರಣವು ನವೀಕರಣದ ಅಧಿಕಾರವನ್ನು ಯಾವುದೇ ಅನುಜ್ಞಾಪತ್ರ ಪ್ರಾಧಿಕಾರಕ್ಕೆ ಕೊಟ್ಟಿರುವುದರಿಂದ, ವಿಜಯಪುರದಲ್ಲಿ ಲೈಸೆನ್ಸು ಪಡೆದು ಮನ್ಮಾಡಿನಲ್ಲಿ ದುಡಿಯುವವನು ಅದೊಂದಕ್ಕಾಗಿ ಹಂಗಾಮಿನ ನಡುವೆ ಗಾಡಿ ನಿಲ್ಲಿಸಿ ಊರಿಗೆ ಬರಬೇಕಾಗಿಲ್ಲ.